ತಾಮ್ರದ ಹಾಳೆಯ ಮೇಲೆ ವಿದ್ಯುತ್ತಿನ ದಾರಿ

ಕರೆಂಟು ಬಂದೊಡನೆ ಮೋಟಾರು ಹಾಕಿ ಬೇರೆ ಕೆಲಸದಲ್ಲಿ ತೊಡಗುವುದು, ಮಾಳಿಗೆಯ ಮೇಲಿನ ಟ್ಯಾಂಕು ತುಂಬಿ ನೀರು ಅಂಗಳಕ್ಕೆ ಸುರಿದಾಗ ಓಡಿಹೋಗಿ ನಿಲ್ಲಿಸುವುದು: ಧಾರೂರು, ತಾಂಡೂರು ಕಡೆಯ ಮನೆಗಳಲ್ಲಿ ಇದು ಹೊಸ ಸಂಗತಿಯಲ್ಲ. ಟ್ಯಾಂಕು ತುಂಬಿದೊಡನೆ ಕೂಗಿ ಎಚ್ಚರಿಸುವ ಸಣ್ಣ ಸಾಧನವನ್ನು ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳು ಹಿರಿಯರ ಜೊತೆಯಲ್ಲಿ ಮನೆಯಲ್ಲೇ ಮಾಡಬಹುದು. ಅದರ ಬಿಡಿಭಾಗಗಳನ್ನು ಜೋಡಿಸುವ ಫಲಕವನ್ನೂ ತಾವೇ ತಯಾರಿಸಬಹುದು.

ಕೆಟ್ಟುಹೋದ ರಿಮೋಟನ್ನೋ ರೇಡಿಯೋವನ್ನೋ ಬಿಚ್ಚಿದವರು ಅದರೊಳಗಿನ ತೆಳುವಾದ ಹಲಗೆಯನ್ನು ಕಂಡಿರುತ್ತಾರೆ. ಅದರ ಮೇಲಿನ ಗೆರೆಗಳು ಅಲಂಕಾರವಲ್ಲ, ತಂತಿಯ ಬದಲಿಗೆ ವಿದ್ಯುತ್ತನ್ನು ಒಯ್ಯುವ ತಾಮ್ರದ ದಾರಿಗಳು. ಇದೇ ಮುದ್ರಿತ ವಿದ್ಯುನ್ಮಂಡಲ ಫಲಕ, ಅಂಗಡಿಯವರ ಮಾತಿನಲ್ಲಿ ಪಿ.ಸಿ.ಬಿ. ವಿಯೆನ್ನಾದಲ್ಲಿ ಹುಟ್ಟಿದ ಪಾಲ್ ಐಸ್ಲರ್ ಎಂಬ ಎಂಜಿನಿಯರ್ 1936ರ ಸುಮಾರಿಗೆ ಲಂಡನ್ನಿನಲ್ಲಿ ಇಂತಹ ಫಲಕವುಳ್ಳ ರೇಡಿಯೋವನ್ನು ಮಾಡಿ ತೋರಿಸಿದರು. ಇಂದು ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ಹಾಗೂ ಹೈದರಾಬಾದಿನ ಇ.ಸಿ.ಐ.ಎಲ್. ತಯಾರಿಸುವ ಮತಯಂತ್ರಗಳೊಳಗೂ ಇರುವುದು ಇಂತಹ ಫಲಕವೇ.

ಇದರ ಹಿಂದಿನ ಉಪಾಯ ನಮ್ಮ ಸೀಮೆಗೆ ಅಪರಿಚಿತವಲ್ಲ. ಜಹೀರಾಬಾದಿಗೆ ಸಮೀಪದ ಬೀದರಿನಲ್ಲಿ ಬಿದರಿ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಯಲ್ಲಿ ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಿಂದ ಅದನ್ನು ಸಂಸ್ಕರಿಸುತ್ತಾರೆ. ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಉಳಿಯುತ್ತದೆ. ಒಂದನ್ನು ಮುಟ್ಟಿ ಇನ್ನೊಂದನ್ನು ಬಿಡುವ ದ್ರಾವಣ ಅಲ್ಲಿ ಚಿತ್ತಾರ ಮೂಡಿಸುತ್ತದೆ. ಇಲ್ಲಿ ಬರಿಯ ತಾಮ್ರವನ್ನು ಕರಗಿಸಿ, ಶಾಯಿ ಮುಚ್ಚಿದ ತಾಮ್ರವನ್ನು ಬಿಟ್ಟು, ವಿದ್ಯುತ್ತಿಗೆ ದಾರಿ ಮಾಡುತ್ತದೆ.

ಬೇಕಾದ ವಸ್ತುಗಳು ಕೆಲವೇ: ಒಂದು ಬದಿಗೆ ತಾಮ್ರ ಹೊದಿಸಿದ 5 ಸೆಂ.ಮೀ. ಚೌಕದ ಫಲಕ, ಅಳಿಯದ ಶಾಯಿಯ ಮಾರ್ಕರ್, ಫೆರಿಕ್ ಕ್ಲೋರೈಡ್, ಪ್ಲಾಸ್ಟಿಕ್ ತಟ್ಟೆ. ಸಾಧನಕ್ಕೆ ಬಿ.ಸಿ. 547 ಟ್ರಾನ್ಸಿಸ್ಟರ್, 1 ಕಿಲೋ ಓಮ್ ರೋಧಕ, ಸಣ್ಣ ಬಜರ್, 9 ವೋಲ್ಟ್ ಬ್ಯಾಟರಿ ಮತ್ತು ಎರಡು ತಂತಿ ಸಾಕು. ಬ್ಯಾಟರಿಯ ಧನ ತುದಿಯಿಂದ ಒಂದು ತಂತಿ ಟ್ಯಾಂಕಿನ ಮೇಲಂಚಿಗೆ ಹೋಗುತ್ತದೆ. ಇನ್ನೊಂದು ತಂತಿ ಅಲ್ಲಿಂದ ರೋಧಕದ ಮೂಲಕ ಟ್ರಾನ್ಸಿಸ್ಟರಿನ ನಡುವಿನ ಕಾಲಿಗೆ ಬರುತ್ತದೆ. ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಮ್ಮೆಡೆಗಿದ್ದರೆ ಎಡಗಾಲು ಬಜರಿಗೆ, ಬಲಗಾಲು ಬ್ಯಾಟರಿಯ ಋಣ ತುದಿಗೆ ಸೇರಬೇಕು. ಬಜರಿನ ಇನ್ನೊಂದು ತುದಿ ಧನ ತುದಿಗೆ ಸೇರುತ್ತದೆ. ನೀರು ಎರಡೂ ತಂತಿಗಳನ್ನು ಮುಟ್ಟಿದಾಗ ಅತ್ಯಲ್ಪ ವಿದ್ಯುತ್ತು ನಡುಗಾಲಿಗೆ ತಲುಪುತ್ತದೆ, ಟ್ರಾನ್ಸಿಸ್ಟರ್ ಅದಕ್ಕಿಂತ ಬಹುಪಾಲು ಹೆಚ್ಚಿನ ವಿದ್ಯುತ್ತನ್ನು ಬಜರಿಗೆ ಹರಿಯಬಿಡುತ್ತದೆ. ಬ್ಯಾಟರಿಯ ಬದಲು ಮನೆಯ ಕರೆಂಟನ್ನು ಎಂದಿಗೂ ಜೋಡಿಸಬಾರದು.

ಮೊದಲು ನಕ್ಷೆ. ಬಿಡಿಭಾಗಗಳು ಕೂರುವುದು ಫಲಕದ ಒಂದು ಬದಿಗೆ, ತಾಮ್ರದ ಗೆರೆಗಳಿರುವುದು ಇನ್ನೊಂದು ಬದಿಗೆ. ಆದುದರಿಂದ ತಾಮ್ರದ ಮೇಲೆ ಬರೆಯುವಾಗ ಎಡಬಲಗಳು ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗುತ್ತವೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ತಾಮ್ರವನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಸೋಪಿನಿಂದ ತೊಳೆದು ಒಣಗಿಸಬೇಕು. ಆಮೇಲೆ ಬೆರಳು ತಾಗಿಸಿದರೆ ಚರ್ಮದ ಜಿಡ್ಡಿಗೆ ಶಾಯಿ ಹಿಡಿಯುವುದಿಲ್ಲ. ಗೆರೆಗಳು 2 ಮಿ.ಮೀ. ಅಗಲವಿರಲಿ, ಒಣಗಿದ ಮೇಲೆ ಇನ್ನೊಮ್ಮೆ ತಿದ್ದಿರಿ.

ಮುಂದಿನ ಹಂತ ಹಿರಿಯರ ಕೈಯದು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಕೈಗವಸು, ಗಾಳಿಯಾಡುವ ಜಾಗ ಕಡ್ಡಾಯ. ಫೆರಿಕ್ ಕ್ಲೋರೈಡ್ ಕರಗುವಾಗ ಬಿಸಿಯೇಳುವುದರಿಂದ ನೀರಿಗೆ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಪುಡಿಗೆ ನೀರು ಸುರಿಯಬಾರದು. 100 ಮಿ.ಲೀ. ನೀರಿಗೆ 30ರಿಂದ 40 ಗ್ರಾಂ ಸಾಕು. ಫಲಕವನ್ನು ಅದರಲ್ಲಿರಿಸಿ ತಟ್ಟೆಯನ್ನು ಮೆಲ್ಲನೆ ಅಲ್ಲಾಡಿಸುತ್ತಿದ್ದರೆ, ಸುಮಾರು 15ರಿಂದ 30 ನಿಮಿಷಗಳಲ್ಲಿ ಬರಿಯ ತಾಮ್ರ ಮಾಯವಾಗುತ್ತದೆ. ಈ ದ್ರಾವಣ ಬಟ್ಟೆಗೆ ಹೋಗದ ಕಲೆ ಮಾಡುತ್ತದೆ. ತಾಂಡೂರಿನ ಹಾಸುಗಲ್ಲು ಸುಣ್ಣದ ಕಲ್ಲಾದ್ದರಿಂದ, ಆಮ್ಲಗುಣದ ಈ ದ್ರಾವಣ ನೆಲದ ಮೇಲೆ ಚೆಲ್ಲಿದರೆ ಕಲೆಯಾಗುವುದಷ್ಟೇ ಅಲ್ಲ, ಕಲ್ಲನ್ನೂ ಕೊರೆಯುತ್ತದೆ.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬರು ಪ್ರಶ್ನೆಯೆತ್ತಬಹುದು. ತಾಮ್ರದ ಸಲ್ಫೇಟಿನಲ್ಲಿ ಕಬ್ಬಿಣದ ಮೊಳೆಯಿಟ್ಟರೆ ಕಬ್ಬಿಣ ಕರಗಿ ತಾಮ್ರ ಹೊರಬರುತ್ತದೆಂದು ಪಾಠದಲ್ಲಿದೆಯಲ್ಲ, ಇಲ್ಲಿ ಕಬ್ಬಿಣದ ಲವಣವೇ ತಾಮ್ರವನ್ನು ಕರಗಿಸುವುದು ಹೇಗೆ? ಮೊಳೆಯಲ್ಲಿರುವುದು ಇಲೆಕ್ಟ್ರಾನು ಬಿಟ್ಟುಕೊಡುವ ಲೋಹ. ಫೆರಿಕ್ ಅಯಾನು ಈಗಾಗಲೇ ಮೂರು ಇಲೆಕ್ಟ್ರಾನು ಕಳೆದುಕೊಂಡದ್ದು, ಒಂದನ್ನು ಮರಳಿ ಪಡೆಯಲು ಕಾಯುವಂಥದ್ದು. ಎರಡು ಫೆರಿಕ್ ಅಯಾನುಗಳು ತಾಮ್ರದ ಒಂದು ಪರಮಾಣುವಿನಿಂದ ತಲಾ ಒಂದು ಇಲೆಕ್ಟ್ರಾನು ಪಡೆದು ಫೆರಸ್ ಆಗುತ್ತವೆ, ತಾಮ್ರ ನೀರಿಗಿಳಿಯುತ್ತದೆ. ಉಕ್ಕು, ಅಲ್ಯೂಮಿನಿಯಂ ಪಾತ್ರೆಗಳನ್ನೂ ಈ ದ್ರಾವಣ ತಿನ್ನುತ್ತದೆಂಬ ಕಾರಣಕ್ಕೇ ಪ್ಲಾಸ್ಟಿಕ್ ತಟ್ಟೆ ಬೇಕಾಗುತ್ತದೆ.

ತೊಳೆದ ಫಲಕದ ಶಾಯಿಯನ್ನು ಸ್ಪಿರಿಟ್ಟಿನಿಂದ ಒರೆಸಿ, 1 ಮಿ.ಮೀ. ರಂಧ್ರ ಕೊರೆದು, ಬಿಡಿಭಾಗಗಳ ಕಾಲುಗಳನ್ನು ತೂರಿಸಿ ಬೆಸುಗೆ ಹಾಕಿದರೆ ಸಾಧನ ಸಿದ್ಧ. ಬೆಸುಗೆಗೆ ಮುನ್ನ ಭೂತಗನ್ನಡಿಯಲ್ಲಿ ನೋಡಿ, ತುಂಡಾದ ಅಥವಾ ಅಂಟಿಕೊಂಡ ಗೆರೆಗಳನ್ನು ಸರಿಪಡಿಸಿಕೊಳ್ಳುವುದು ಲೇಸು.

ಆದರೆ ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಫಲಕದ ತಾಮ್ರದ ದಪ್ಪ ಸಾಮಾನ್ಯವಾಗಿ 35 ಮೈಕ್ರಾನ್. 5 ಸೆಂ.ಮೀ. ಚೌಕದಲ್ಲಿ ಇರುವುದೆಲ್ಲ ಸೇರಿ ಸುಮಾರು 0.8 ಗ್ರಾಂ. ಅಷ್ಟೇ ಅಲ್ಲವೆ ಎಂದು ಬಚ್ಚಲಿಗೆ ಸುರಿಯಬಾರದು. ಕರಗಿದ ತಾಮ್ರ ಮೀನಿಗೂ ಜಲಸಸ್ಯಗಳಿಗೂ ವಿಷ. ನಮ್ಮೂರಿನ ಚರಂಡಿಯ ನೀರು ಹಳ್ಳ ಸೇರುತ್ತದೆ, ಹಳ್ಳದ ನೀರು ಕೆರೆ ಸೇರುತ್ತದೆ. ಟ್ಯಾಂಕಿನ ನೀರು ಉಳಿಸಲೆಂದು ಮಾಡಿದ ಸಾಧನ ಕೆರೆಯ ನೀರು ಕೆಡಿಸುವಂತಾಗಬಾರದು. ದ್ರಾವಣವನ್ನು ಹೆಸರು ಬರೆದ ಪ್ಲಾಸ್ಟಿಕ್ ಸೀಸೆಯಲ್ಲಿ ಮಕ್ಕಳ ಕೈಗೆಟುಕದಂತೆ ಇಟ್ಟು ಮತ್ತೆ ಮತ್ತೆ ಬಳಸಬಹುದು. ಸತ್ವ ಕುಂದಿದ ಮೇಲೆ ಅಗಲವಾದ ಪಾತ್ರೆಯಲ್ಲಿ ವಾಷಿಂಗ್ ಸೋಡಾವನ್ನು ನೊರೆ ನಿಲ್ಲುವವರೆಗೆ ಸ್ವಲ್ಪಸ್ವಲ್ಪವಾಗಿ ಬೆರೆಸಿದರೆ ತಾಮ್ರ, ಕಬ್ಬಿಣಗಳು ಕೆಸರಾಗಿ ತಳಕ್ಕಿಳಿಯುತ್ತವೆ. ಆ ಕೆಸರನ್ನು ಮುಚ್ಚಿದ ಡಬ್ಬಿಯಲ್ಲಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವವರಿಗೆ ಒಪ್ಪಿಸಬೇಕು, ಹೊಲಕ್ಕೆ ಹಾಕಬಾರದು. ಹಲವು ಮನೆಗಳವರು ಬೇರೆ ಬೇರೆಯಾಗಿ ಮಾಡುವುದಕ್ಕಿಂತ ಶಾಲೆಯಲ್ಲಿ ವಿಜ್ಞಾನದ ಗುರುಗಳ ಎದುರಿಗೆ ಒಂದೇ ತಟ್ಟೆಯಲ್ಲಿ ಮಾಡಿದರೆ ಖರ್ಚೂ ತ್ಯಾಜ್ಯವೂ ಕಡಿಮೆ.

ಕನ್ನಡ ಮಾಧ್ಯಮದ ಮಕ್ಕಳು ಮುಂದೆ ತಾಂತ್ರಿಕ ಓದಿನಲ್ಲಿ ಹಿಂದೆ ಬೀಳುವರೇ ಎಂಬ ಚಿಂತೆ ಗಡಿಯಾಚೆಯ ಪಾಲಕರಲ್ಲಿ ಇದ್ದೇ ಇದೆ. ಐ.ಟಿ.ಐ.ಗಳಲ್ಲಿ ಹತ್ತನೆಯ ತರಗತಿ ಮುಗಿಸಿದವರಿಗಾಗಿ ಇಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಎಂಬ 2 ವರ್ಷಗಳ ತರಬೇತಿಯಿದೆ. ಅಲ್ಲಿ ಪುಸ್ತಕದ ಭಾಷೆ ಬದಲಾಗಬಹುದು. ಆದರೆ ಫೆರಿಕ್ ಅಯಾನು ತಾಮ್ರದಿಂದ ಇಲೆಕ್ಟ್ರಾನು ಪಡೆಯುವುದನ್ನು ತನ್ನ ಮಾತಿನಲ್ಲಿ ಅರಿತು, ಗೆರೆ ತಪ್ಪಿದ್ದನ್ನು ತನ್ನ ಕಣ್ಣಿನಿಂದ ಕಂಡು, ತನ್ನ ಕೈಯಿಂದ ತಿದ್ದಿದ ಮಗುವಿಗೆ ಹೊಸ ಭಾಷೆಯಲ್ಲಿ ಕಲಿಯಬೇಕಾದುದು ಹೆಸರುಗಳನ್ನು ಮಾತ್ರ. ಟ್ಯಾಂಕಿನ ಮೇಲೆ ಬಜರ್ ಕೂಗಿದ ದಿನ ಆ ಚಿಂತೆ ಪಾಲಕರಲ್ಲಿಯೂ ಒಂದಿಷ್ಟು ಕಡಿಮೆಯಾದೀತು.