ಲೋಳೆಸರದ ತಿಳಿ ಲೋಳೆ ಮತ್ತು ಹಳದಿ ರಸ: ಔಷಧೀಯ ಬಳಕೆ ಹಾಗೂ ವಹಿಸಬೇಕಾದ ಎಚ್ಚರ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಗ್ರಾಮಗಳಲ್ಲಿ ಲೋಳೆಸರವನ್ನು ಅರಿಯದ ಮನೆ ಇಲ್ಲವೆಂದೇ ಹೇಳಬಹುದು. ಹಿತ್ತಿಲಲ್ಲಿ ತಾನಾಗಿ ಹಬ್ಬಿರುತ್ತದೆ. ದೃಷ್ಟಿ ತಾಕದಿರಲೆಂದು ಬೇರು ಮೇಲಾಗಿ ಬಾಗಿಲಿಗೆ ಕಟ್ಟಿರುವುದೂ ಉಂಟು. ಹಾಗೆ ಕಟ್ಟಿದ ಗಿಡವು ಮಣ್ಣು, ನೀರು ಎರಡೂ ಇಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುವುದನ್ನು ಕಂಡು ಅಚ್ಚರಿಪಡುವವರು ಬಹಳ. ಇದರ ಎಲೆಯ ಸೂಕ್ಷ್ಮ ರಂಧ್ರಗಳು ಹಗಲಿನಲ್ಲಿ ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ಮಾತ್ರ ತೆರೆಯುವುದರಿಂದ ಒಳಗಿನ ನೀರು ಆವಿಯಾಗಿ ಹೋಗುವುದು ಅತ್ಯಲ್ಪ. ಅರಬ್ ಪ್ರದೇಶದ ಮರುಭೂಮಿಯ ಅಂಚಿನಿಂದ ಬಂದ ಈ ಸಸ್ಯಕ್ಕೆ ಅದು ಹುಟ್ಟುಗುಣ.

ಈಚೆಗೆ ಈ ಗಿಡ ಪಂಚಾಯತಿ ಕಚೇರಿಯವರೆಗೂ ಬರುತ್ತಿದೆ. ಮಹಿಳಾ ಸ್ವಸಹಾಯ ಸಂಘಗಳು ಸಾಬೂನು, ಮುಲಾಮು, ಪಾನೀಯ ತಯಾರಿಸಲು ಮುಂದಾಗುತ್ತವೆ. ಸಂತೆಯಲ್ಲಿ ಲೋಳೆಸರದ ರಸ ಮಾರುವವರು ಸ್ಥಳ ಕೇಳುತ್ತಾರೆ. ಸಸಿ ಕೊಟ್ಟು ಎಲೆಯನ್ನು ತಾವೇ ಕೊಳ್ಳುವುದಾಗಿ ಹೇಳುವ ವ್ಯಾಪಾರಿಗಳು ಸಭಾಭವನ ಕೇಳುತ್ತಾರೆ. ಇಂತಹ ಪ್ರತಿ ಸಂದರ್ಭದಲ್ಲಿಯೂ ಸದಸ್ಯರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಮಾತು ನಡೆಯುತ್ತಿರುವುದು ಎಲೆಯ ಯಾವ ಭಾಗದ ಬಗ್ಗೆ?

ಒಂದು ಎಲೆ, ಎರಡು ವಸ್ತು

ಲೋಳೆಸರದ ಎಲೆಯನ್ನು ಬುಡದಲ್ಲಿ ಕೊಯ್ದು ನಿಲ್ಲಿಸಿದರೆ ಕೆಲವೇ ನಿಮಿಷಗಳಲ್ಲಿ ಹಳದಿ ಬಣ್ಣದ, ಅತಿ ಕಹಿಯಾದ ರಸವೊಂದು ಸೋರತೊಡಗುತ್ತದೆ. ಇದು ಹಸಿರು ಸಿಪ್ಪೆಯ ಕೆಳಗೇ ಇರುವ ನಾಳಗಳ ಸುತ್ತಲಿನ ಕೋಶಗಳಲ್ಲಿ ಇರುತ್ತದೆ. ಸಿಪ್ಪೆಯನ್ನು ತೆಗೆದರೆ ನಡುವೆ ಸಿಗುವುದು ಬಣ್ಣವಿಲ್ಲದ ತಿಳಿ ಲೋಳೆ. ಇವೆರಡೂ ಒಂದೇ ಎಲೆಯಲ್ಲಿದ್ದರೂ ರಾಸಾಯನಿಕವಾಗಿ ಬೇರೆ, ದೇಹದ ಮೇಲೆ ಮಾಡುವ ಕೆಲಸದಲ್ಲಿ ಇನ್ನೂ ಬೇರೆ. ಆಯುರ್ವೇದವು ಇವುಗಳಿಗೆ ಪ್ರತ್ಯೇಕ ಹೆಸರುಗಳನ್ನೇ ಇಟ್ಟಿದೆ: ಗಿಡ ಮತ್ತು ಹಸಿ ಎಲೆ ಕುಮಾರಿ, ಹಳದಿ ರಸವನ್ನು ಕಾಯಿಸಿ ಇಂಗಿಸಿ ಪಡೆದ ಕಪ್ಪು ಹೆಂಟೆ ಕನ್ಯಾಸಾರ. ಗ್ರಂಧಿಗೆ ಅಂಗಡಿಯಲ್ಲಿ ಕರಿಬೋಳ ಅಥವಾ ಮುಸಂಬರ ಎಂಬ ಹೆಸರಿನಲ್ಲಿ ದೊರೆಯುವುದು ಈ ಕನ್ಯಾಸಾರವೇ. ಅನೇಕರಿಗೆ ಮುಸಂಬರವು ಹಿತ್ತಿಲಿನ ಲೋಳೆಸರದಿಂದಲೇ ಬಂದದ್ದೆಂಬುದು ತಿಳಿದಿರುವುದಿಲ್ಲ.

ಹೆಸರಿನ ವಿಷಯದಲ್ಲಿ ಗಡಿ ಜಿಲ್ಲೆಗೆ ಇನ್ನೊಂದು ತೊಡಕಿದೆ. ಲೋಳೆಸರವನ್ನು ತೆಲುಗಿನವರು ಕಲಬಂದ ಎನ್ನುತ್ತಾರೆ. ತಮಿಳಿನವರು ಕತ್ತಾಳೈ ಎನ್ನುತ್ತಾರೆ. ಕನ್ನಡದಲ್ಲಿ ಕತ್ತಾಳೆ ಎಂದರೆ ಹೊಲದ ಬದುವಿನಲ್ಲಿ ಬೆಳೆಯುವ, ನಾರು ತೆಗೆಯುವ, ತುದಿಯಲ್ಲಿ ಗಟ್ಟಿ ಮುಳ್ಳಿರುವ ಬೇರೆಯೇ ಗಿಡ. ಅದರ ರಸ ಚರ್ಮಕ್ಕೆ ತಾಗಿದರೆ ತುರಿಕೆ, ಉರಿ, ಬೊಬ್ಬೆ ಉಂಟಾಗುತ್ತವೆ. ಮೂರೂ ಭಾಷೆಗಳನ್ನಾಡುವ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮದ್ದು ಬಾಯಿಂದ ಬಾಯಿಗೆ ಸಾಗುವಾಗ ಈ ಎರಡು ಗಿಡ ಅದಲುಬದಲಾಗದಂತೆ ನೋಡಿಕೊಳ್ಳಬೇಕು.

ಹಳದಿ ರಸ

ಹಳದಿ ರಸದ ಮುಖ್ಯ ಅಂಶ ಅಲೋಯಿನ್. ಇದನ್ನು 1851ರಲ್ಲಿ ಎಡಿನ್‌ಬರೋ ನಗರದ ಸ್ಮಿತ್ ಎಂಬ ಔಷಧ ತಯಾರಕರು ಮೊದಲಿಗೆ ಬೇರ್ಪಡಿಸಿದರು. ಅಲೋಯಿನ್ ಜಠರದಲ್ಲಿ ಏನೂ ಮಾಡುವುದಿಲ್ಲ. ದೊಡ್ಡ ಕರುಳನ್ನು ತಲುಪಿದ ಮೇಲೆ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು ಪ್ರಬಲ ವಸ್ತುವಾಗಿ ಮಾರ್ಪಡಿಸುತ್ತವೆ. ಆಗ ಕರುಳು ಕೆರಳಿ ಹಿಂಡತೊಡಗುತ್ತದೆ, ನೀರು ದೇಹಕ್ಕೆ ಹೀರಲ್ಪಡದೆ ಮಲದೊಂದಿಗೆ ಹೊರಹೋಗುತ್ತದೆ. ಆದುದರಿಂದಲೇ ರಾತ್ರಿ ಸೇವಿಸಿದರೆ ಬೆಳಿಗ್ಗೆ ಭೇದಿಯಾಗುತ್ತದೆ. ಶತಮಾನಗಳ ಕಾಲ ಜಗತ್ತಿನ ಔಷಧಿ ಅಂಗಡಿಗಳಲ್ಲಿ ಲೋಳೆಸರವೆಂದರೆ ಈ ಭೇದಿ ಮದ್ದೇ ಆಗಿತ್ತು; ತಿಳಿ ಲೋಳೆಗೆ ಅಂಗಡಿಯಲ್ಲಿ ಬೆಲೆ ಬಂದದ್ದು ತೀರ ಈಚೆಗೆ.

ಭೇದಿ ಮದ್ದಾಗಿ ಇದರ ಶಕ್ತಿಯಲ್ಲಿ ಸಂದೇಹವಿಲ್ಲ, ಆದರೆ ಸುರಕ್ಷತೆ ಸಾಬೀತಾಗಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸುರಕ್ಷತೆಯ ಮಾಹಿತಿಯನ್ನು ಒದಗಿಸುವಂತೆ ತಯಾರಕರನ್ನು ಕೇಳಿತು. ಅದು ಬಾರದಿದ್ದುದರಿಂದ 2002ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರುವ ಭೇದಿ ಔಷಧಿಗಳಿಂದ ಇದನ್ನು ಕೈಬಿಟ್ಟಿತು. ಬಣ್ಣ ತೆಗೆಯದ ಇಡೀ ಎಲೆಯ ಸಾರವನ್ನು ಎರಡು ವರ್ಷಗಳ ಕಾಲ ಕುಡಿಯುವ ನೀರಿನಲ್ಲಿ ಕೊಟ್ಟಾಗ ಇಲಿಗಳ ದೊಡ್ಡ ಕರುಳಿನಲ್ಲಿ ಗೆಡ್ಡೆಗಳು ಕಾಣಿಸಿಕೊಂಡವು. ಈ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಇಡೀ ಎಲೆಯ ಸಾರವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯಿರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಇದು ಹಳದಿ ರಸ ಸೇರಿದ ಸಾರವನ್ನು ಕುರಿತ ಮಾತು. ಸುಟ್ಟ ಬೆರಳಿಗೆ ತಿಳಿ ಲೋಳೆ ಹಚ್ಚುವವರು ಗಾಬರಿಪಡಬೇಕಾಗಿಲ್ಲ. ಕುಡಿಯುವ ಉತ್ಪನ್ನಗಳಲ್ಲಿ ಅಲೋಯಿನ್ ಹತ್ತು ಲಕ್ಷ ಭಾಗಕ್ಕೆ 10 ಭಾಗವನ್ನು ಮೀರಬಾರದೆಂದು ಅಂತರರಾಷ್ಟ್ರೀಯ ಲೋಳೆಸರ ಉದ್ಯಮವೇ ಮಿತಿ ಹಾಕಿಕೊಂಡಿದೆ. ಬರಿಗಣ್ಣಿನಿಂದ ಅಥವಾ ನಾಲಿಗೆಯಿಂದ ಈ ಮಿತಿಯನ್ನು ಅಳೆಯಲಾಗದು, ಪ್ರಯೋಗಾಲಯವೇ ಬೇಕು. ಸಂತೆಯಲ್ಲಿ ಸಿಪ್ಪೆಸಹಿತ ಎಲೆಯನ್ನು ಮಿಕ್ಸಿಗೆ ಹಾಕಿ ಲೋಟದಲ್ಲಿ ಕೊಡುವವರ ಬಳಿ ಅದು ಇರುವುದಿಲ್ಲ.

ಗ್ರಾಮ ಮಟ್ಟದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾಗಿರುವುದು ಮಹಿಳೆಯರ ಮತ್ತು ಮಕ್ಕಳ ವಿಷಯದಲ್ಲಿ. ಕನ್ಯಾಸಾರವು ರಜಃಪ್ರವರ್ತಿನಿ ವಟಿ ಎಂಬ ಆಯುರ್ವೇದ ಗುಳಿಗೆಯ ಒಂದು ಘಟಕ. ಮುಟ್ಟು ಸರಿಯಾಗಿ ಆಗದವರಿಗೆ ವೈದ್ಯರು ಪರೀಕ್ಷಿಸಿ ಕೊಡುವ ಔಷಧಿ ಅದು. ಇದನ್ನು ಅರ್ಧಂಬರ್ಧ ತಿಳಿದು, ಮುಟ್ಟು ನಿಂತಾಗ ಯಾರಿಗೂ ಹೇಳದೆ ಕರಿಬೋಳವನ್ನು ನುಂಗುವುದು ಅತ್ಯಂತ ಅಪಾಯಕರ. ತೀವ್ರ ಭೇದಿ ಮತ್ತು ಹೊಟ್ಟೆನುಲಿತದ ಜೊತೆಗೆ ರಕ್ತಸ್ರಾವವಾಗಬಹುದು. ಗರ್ಭ ಬೇಡವೆನಿಸಿದವರಿಗೆ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯನ್ವಯ ಅನುಮತಿ ಪಡೆದ ಆಸ್ಪತ್ರೆಗಳಲ್ಲಿ ಕಾನೂನುಬದ್ಧ ಸೇವೆ ಇದೆ, ಗೋಪ್ಯತೆಗೂ ರಕ್ಷಣೆ ಇದೆ. ಈ ಮಾಹಿತಿ ಆಶಾ ಕಾರ್ಯಕರ್ತೆಯ ಮೂಲಕ ಮನೆಮನೆಗೆ ತಲುಪುತ್ತಿದೆಯೇ ಎಂಬುದನ್ನು ಸದಸ್ಯರು, ವಿಶೇಷವಾಗಿ ಮಹಿಳಾ ಸದಸ್ಯರು, ವಿಚಾರಿಸುವುದು ಉಚಿತ.

ಮಗುವಿಗೆ ಹಾಲು ಬಿಡಿಸಲು ತಾಯಿಯ ಎದೆಗೆ ಮುಸಂಬರ ಸವರುವ ರೂಢಿಯೂ ಉಂಟು. ಕಹಿಗೆ ಮಗು ಮುಖ ತಿರುಗಿಸುತ್ತದೆ, ನಿಜ. ಆದರೆ ಅದು ನೆಕ್ಕಿದ ಅಷ್ಟೂ ಭೇದಿ ಮದ್ದು. ಪುಟ್ಟ ಮಗುವಿನಲ್ಲಿ ಭೇದಿಯಿಂದ ನೀರಿನಂಶ ಬೇಗ ಕಡಿಮೆಯಾಗುವುದರಿಂದ ಈ ರೂಢಿಯನ್ನು ಬಿಡುವುದೇ ಲೇಸು. ಹಾಲುಣಿಸುವ ತಾಯಂದಿರು, ಮೂತ್ರಪಿಂಡದ ತೊಂದರೆಯುಳ್ಳವರು, ಹೃದಯಕ್ಕೆ ಡಿಗಾಕ್ಸಿನ್ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಹಳದಿ ರಸವಿರುವ ಯಾವುದನ್ನೂ ಸೇವಿಸಬಾರದು. ಭೇದಿಯಿಂದ ಪೊಟ್ಯಾಸಿಯಂ ಇಳಿದಾಗ ಹೃದಯದ ಬಡಿತವೇ ಏರುಪೇರಾಗಬಹುದು.

ಉಳುಕಿಗೆ, ಬಾವಿಗೆ ಮುಸಂಬರ ತೇಯ್ದು ಮೇಲೆ ಹಚ್ಚುವುದು ಬೇರೆ ವಿಷಯ. ಹೊಟ್ಟೆಗೆ ಹೋಗುವುದಿಲ್ಲವಾದ್ದರಿಂದ ಮೇಲಿನ ಅಪಾಯ ಅದಕ್ಕಿಲ್ಲ. ಮೂಳೆ ಮುರಿದಿರುವ ಅನುಮಾನವಿದ್ದಲ್ಲಿ ಲೇಪ ಹಾಕಿ ದಿನ ಕಳೆಯಬಾರದು, ಅಷ್ಟೇ. ಬೆಂಜೋಯಿನ್ ಕಾಂಪೌಂಡ್ ಟಿಂಕ್ಚರ್ ಎಂದು ಔಷಧಿ ಅಂಗಡಿಗಳಲ್ಲಿ ದೊರೆಯುವ ಕಂದು ದ್ರವದಲ್ಲಿಯೂ ಸಾಂಬ್ರಾಣಿಯ ಜೊತೆಗೆ ಇದೇ ಕರಿಬೋಳ ಸೇರಿರುತ್ತದೆ.

ತಿಳಿ ಲೋಳೆ

ತಿಳಿ ಲೋಳೆಯಲ್ಲಿ ನೂರಕ್ಕೆ ಸುಮಾರು 99 ಪಾಲು ನೀರು. ಉಳಿದ ಅತ್ಯಲ್ಪ ಭಾಗದಲ್ಲಿ ಮುಖ್ಯವಾದುದು ಅಸೆಮನ್ನಾನ್ ಎಂಬ ಸಕ್ಕರೆ ಸರಪಳಿ. ತೇವವನ್ನು ಹಿಡಿದಿಡುವುದು ಮತ್ತು ಗಾಯದ ಜಾಗದಲ್ಲಿ ಹೊಸ ಜೀವಕೋಶಗಳ ಬೆಳವಣಿಗೆಗೆ ನೆರವಾಗುವುದು ಇದರ ಗುಣವೆಂದು ತಿಳಿಯಲಾಗಿದೆ. ಕ್ಷ-ಕಿರಣ ಚಿಕಿತ್ಸೆಯಿಂದ ಸುಟ್ಟ ಚರ್ಮಕ್ಕೆ ಹಸಿ ಎಲೆ ಬಳಸಿ ಗುಣವಾದುದನ್ನು 1935ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಬಳಿಕ ಆಧುನಿಕ ಸಂಶೋಧನೆ ಇತ್ತ ಹೊರಳಿತು. 1991ರಲ್ಲಿ ನಾಯಿ ಮತ್ತು ಬೆಕ್ಕುಗಳ ಒಂದು ಬಗೆಯ ಗೆಡ್ಡೆಯ ಚಿಕಿತ್ಸೆಗೆ ಅಸೆಮನ್ನಾನ್ ಚುಚ್ಚುಮದ್ದಿಗೆ ಆ ದೇಶದ ಕೃಷಿ ಇಲಾಖೆ ಷರತ್ತುಬದ್ಧ ಪರವಾನಗಿ ನೀಡಿತು.

ಸುಟ್ಟಗಾಯದ ವಿಷಯದಲ್ಲಿ ಆಧಾರ ತಕ್ಕಮಟ್ಟಿಗೆ ಇದೆ. 2007ರಲ್ಲಿ ಪ್ರಕಟವಾದ ವಿಮರ್ಶೆಯೊಂದು 371 ರೋಗಿಗಳನ್ನೊಳಗೊಂಡ ನಾಲ್ಕು ಅಧ್ಯಯನಗಳನ್ನು ಒಟ್ಟುಗೂಡಿಸಿ, ಮೇಲ್ಪದರದ ಸುಟ್ಟಗಾಯಗಳು ಲೋಳೆಸರದಿಂದ ಸುಮಾರು ಒಂಬತ್ತು ದಿನ ಮೊದಲೇ ಗುಣವಾಗುತ್ತವೆಂದು ಲೆಕ್ಕ ಹಾಕಿತು. ಇದಕ್ಕೆ ಎದುರಾದ ಫಲಿತಾಂಶವೂ ಇದೆ. ಶಸ್ತ್ರಚಿಕಿತ್ಸೆಯ ತೆರೆದ ಗಾಯಗಳನ್ನು ಕುರಿತ 1991ರ ಅಧ್ಯಯನದಲ್ಲಿ ಸಾಮಾನ್ಯ ಆರೈಕೆಯಿಂದ ಸರಾಸರಿ 53 ದಿನಗಳಲ್ಲಿ ಮಾಯ್ದ ಗಾಯವು ಲೋಳೆಸರದ ಜೆಲ್ ಹಚ್ಚಿದವರಲ್ಲಿ 83 ದಿನ ತೆಗೆದುಕೊಂಡಿತು. ಎಂದರೆ, ಹೊರಮೈಯ ಸಣ್ಣ ಸುಡುಗಾಯಕ್ಕೆ ಒಪ್ಪುವುದು ಸಿಸೇರಿಯನ್ ಹೊಲಿಗೆ ಬಿಚ್ಚಿದ ಆಳ ಗಾಯಕ್ಕೆ ಒಪ್ಪದು. ಕರುಳಿನ ಹುಣ್ಣು, ಸೋರಿಯಾಸಿಸ್, ಮಧುಮೇಹಗಳಲ್ಲಿ ಸಣ್ಣ ಸಣ್ಣ ಪ್ರಯೋಗಗಳು ನಡೆದಿವೆ. ಕೆಲವು ಆಶಾದಾಯಕ, ಕೆಲವು ನಿರಾಶಾದಾಯಕ. ಇನ್ಸುಲಿನ್ ಅಥವಾ ಮಾತ್ರೆಯನ್ನು ನಿಲ್ಲಿಸಿ ಲೋಳೆಸರ ಕುಡಿಯಿರೆಂದು ಹೇಳಲು ಅವುಗಳಲ್ಲಿ ಯಾವುದೂ ಆಧಾರವಾಗದು.

ಮನೆಯಲ್ಲಿ ಕೈ ಸುಟ್ಟಾಗ ಮೊದಲ ಚಿಕಿತ್ಸೆ ಲೋಳೆಸರವಲ್ಲ, ನೀರು. ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ಆ ಬಳಿಕ ಬೊಬ್ಬೆ ಒಡೆಯದ ಸಣ್ಣ ಗಾಯವಾದರೆ, ಹಳದಿ ರಸ ಸೋರಲು ಬಿಟ್ಟು ತೊಳೆದ ಎಲೆಯ ತಿಳಿ ಲೋಳೆಯನ್ನು ಹಚ್ಚಬಹುದು. ಅಂಗೈಗಿಂತ ಅಗಲವಾದ ಗಾಯ, ಮುಖದ ಮೇಲಿನ ಗಾಯ, ವಿದ್ಯುತ್ತಿನಿಂದಾದ ಗಾಯ, ಮಕ್ಕಳ ಗಾಯ ಇವೆಲ್ಲ ಆಸ್ಪತ್ರೆಗೆ ಸೇರಿದವು. ಅಲ್ಲಿ ಧನುರ್ವಾಯು ಚುಚ್ಚುಮದ್ದಿನ ಅಗತ್ಯವನ್ನೂ ನೋಡುತ್ತಾರೆ. ಲೋಳೆ ಮೆತ್ತಿದ ಗಾಯ ಎಷ್ಟು ಆಳವಾಗಿದೆಯೆಂದು ಪರೀಕ್ಷಿಸುವುದು ವೈದ್ಯರಿಗೂ ಕಷ್ಟವಾದ್ದರಿಂದ ಅಂತಹ ಗಾಯಕ್ಕೆ ಏನನ್ನೂ ಹಚ್ಚದೆ, ಶುಭ್ರ ಬಟ್ಟೆ ಹೊದಿಸಿ ಕರೆದೊಯ್ಯಬೇಕು.

ತಯಾರಿಕೆ, ಪರವಾನಗಿ, ಬೇಸಾಯ

ಕೊಯ್ದ ಎಲೆಯಿಂದ ತೆಗೆದ ಲೋಳೆ ಕೆಲವೇ ಗಂಟೆಗಳಲ್ಲಿ ಬಣ್ಣ ತಿರುಗುತ್ತದೆ, ಬಿಸಿಲಿನ ದಿನ ಬೇಗನೆ ಹಳಸುತ್ತದೆ. ಕಾರ್ಖಾನೆಗಳು ಕೂಡಲೇ ಹಳದಿ ರಸ ಸೋಸಿ, ಇದ್ದಿಲಿನ ಮೂಲಕ ಶೋಧಿಸಿ, ಬಿಸಿಮಾಡಿ ಕೆಡದಂತೆ ಮಾಡುತ್ತವೆ. ಕೆಲವು ಒಣಗಿಸಿ ಪುಡಿಯಾಗಿಸುತ್ತವೆ. 200 ಕಿಲೋ ಲೋಳೆಯಿಂದ ಒಂದು ಕಿಲೋ ಪುಡಿ ಸಿಗುವುದು ವಾಡಿಕೆಯ ಪ್ರಮಾಣ. ಸ್ವಸಹಾಯ ಸಂಘವು ಅಡುಗೆಮನೆಯಲ್ಲಿ ಲೋಳೆ ತೆಗೆದು ಬಾಟಲಿಗೆ ತುಂಬಿದರೆ ತಿಂಗಳೊಳಗೆ ದೂರು ಬರುವುದು ಖಚಿತ. ಒಣಗಿಸಿ ಮಾರಬಹುದಾದ ಸಾಬೂನು ಅದಕ್ಕಿಂತ ಸುಲಭದ ಆರಂಭ.

ಸಾಬೂನು, ಮುಖದ ಜೆಲ್, ಕೇಶತೈಲ ಇವು ಪ್ರಸಾಧನ ಸಾಮಗ್ರಿಗಳಾದುದರಿಂದ ತಯಾರಿಕೆಗೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳ ಪರವಾನಗಿ ಬೇಕು. ಕುಮಾರ್ಯಾಸವದಂತಹ ಆಯುರ್ವೇದ ಔಷಧಿಗೆ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯಡಿ ಆಯುಷ್ ಇಲಾಖೆಯ ಪರವಾನಗಿ ಬೇಕು. ಕುಡಿಯುವ ರಸಕ್ಕೆ 2006ರ ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿ ಅಥವಾ ಪರವಾನಗಿ ಬೇಕು. ಗ್ರಾಮ ಪಂಚಾಯತಿ ನೀಡುವ ವ್ಯಾಪಾರ ಪರವಾನಗಿ ಇವುಗಳಲ್ಲಿ ಯಾವುದಕ್ಕೂ ಬದಲಿಯಾಗದು. ಇನ್ನು, ಮಧುಮೇಹ ಅಥವಾ ಕ್ಯಾನ್ಸರ್ ವಾಸಿಯಾಗುವುದೆಂದು, ಗರ್ಭ ಇಳಿಯುವುದೆಂದು, ಮುಟ್ಟಿನ ದೋಷ ಪರಿಹಾರವಾಗುವುದೆಂದು ಕರಪತ್ರ ಹಂಚುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯಡಿ ಅಪರಾಧ. ಅಂತಹ ಕರಪತ್ರ ಪಂಚಾಯತಿಯ ಸಭಾಭವನದಲ್ಲಿ, ಸದಸ್ಯರ ಸಮ್ಮುಖದಲ್ಲಿ ಹಂಚಲ್ಪಟ್ಟರೆ ಜನರು ಅದನ್ನು ಪಂಚಾಯತಿಯ ಮಾತೆಂದೇ ನಂಬುತ್ತಾರೆ.

ಬೇಸಾಯಕ್ಕೆ ನದಿ ಆಸರೆಯಿಲ್ಲದ, ಕೊಳವೆಬಾವಿ ಸಾವಿರ ಅಡಿ ದಾಟಿದ ಈ ಜಿಲ್ಲೆಯ ಕೆಂಪುಮಣ್ಣು ಲೋಳೆಸರಕ್ಕೆ ಒಗ್ಗುತ್ತದೆ. ನೀರು ನಿಲ್ಲುವ ಜಮೀನಿನಲ್ಲಿ ಮಾತ್ರ ಬುಡ ಕೊಳೆಯುತ್ತದೆ. ಎರಡು ಅಡಿ ಅಂತರದಲ್ಲಿ ಎಕರೆಗೆ ಸುಮಾರು 11 ಸಾವಿರ ಕಂದುಗಳು ಹಿಡಿಸುತ್ತವೆ. ಬೆಳೆಯುವುದು ಸುಲಭ, ಮಾರುವುದು ಕಠಿಣ. ಟೊಮ್ಯಾಟೊ ಬೆಳೆದು ಬೆಲೆಯಿಲ್ಲದೆ ರಸ್ತೆಗೆ ಸುರಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೊಮ್ಯಾಟೊಗಾದರೂ ಕೋಲಾರದಲ್ಲಿ ಮಾರುಕಟ್ಟೆಯಿದೆ, ಲೋಳೆಸರದ ಎಲೆಗೆ ಹರಾಜು ಕಟ್ಟೆಯಿಲ್ಲ. ಎಲೆಯ ತೂಕದಲ್ಲಿ ಬಹುಪಾಲು ನೀರೇ ಆದುದರಿಂದ ದೂರದ ಸಾಗಣೆ ಲಾಭವನ್ನು ನುಂಗುತ್ತದೆ.

ಆದಕಾರಣ ಮರುಖರೀದಿಯ ಭರವಸೆ ಕೊಡುವವರಿಂದ ಕೇಳಿ ಪಡೆಯಬೇಕಾದ ಉತ್ತರಗಳಿವೆ. ಸಂಸ್ಕರಣಾ ಘಟಕ ಎಲ್ಲಿದೆ, ಅದನ್ನು ರೈತರು ಹೋಗಿ ನೋಡಬಹುದೇ? ಕಿಲೋಗೆ ದರ ಎಷ್ಟೆಂದು ಕರಾರಿನಲ್ಲಿ ಬರೆದಿದೆಯೇ? ಸಾಗಣೆ ವೆಚ್ಚ ಯಾರದು? ಎಲೆ ಸಣ್ಣದೆಂದು ತಿರಸ್ಕರಿಸಿದರೆ ಮುಂದೇನು? ಸಸಿಗೆ ಮುಂಗಡ ಹಣವನ್ನು ಮಾತ್ರ ಒತ್ತಾಯಿಸಿ ಕೇಳಿ, ಉಳಿದುದಕ್ಕೆ ಬಾಯಿಮಾತಿನ ಉತ್ತರ ಕೊಡುವವರ ವ್ಯಾಪಾರ ಎಲೆಯದಲ್ಲ, ಸಸಿಯದು. ಮೊದಲ ಕೊಯ್ಲಿಗೆ ವರ್ಷ, ಒಂದೂವರೆ ವರ್ಷ ಬೇಕಾದುದರಿಂದ ಆ ವೇಳೆಗೆ ಅವರನ್ನು ಹುಡುಕುವುದು ಕಷ್ಟ. ಕರಾರಿಗೆ ಸಹಿ ಹಾಕುವ ಮುನ್ನ ರೈತರು ಟಮಕದ ಕೃಷಿ ವಿಜ್ಞಾನ ಕೇಂದ್ರ, ತೋಟಗಾರಿಕೆ ಮಹಾವಿದ್ಯಾಲಯ ಅಥವಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಬಹುದು. ಕರಾರಿನ ಪ್ರತಿಯನ್ನು ಜೊತೆಗೆ ಒಯ್ಯುವುದು ಒಳಿತು.