ಬರೆಯುವವಳಿಗೆ ಒತ್ತಾಸೆ

ಕನ್ನಡದಲ್ಲಿ ಬರೆಯುವ ಮಹಿಳೆಯರು ತಮಗಾಗಿ ತಾವೇ ಕಟ್ಟಿಕೊಂಡ ಸಂಸ್ಥೆಗಳಲ್ಲಿ ಕರ್ನಾಟಕ ಲೇಖಕಿಯರ ಸಂಘಕ್ಕೆ ವಿಶೇಷ ಸ್ಥಾನವಿದೆ. 1979ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಈ ಸಂಘದ ಮೊದಲ ಅಧ್ಯಕ್ಷೆ ಟಿ. ಸುನಂದಮ್ಮ. ಡಾ. ಎಂ. ಶಿವರಾಂ ಅವರು 'ರಾಶಿ' ಎಂಬ ಹೆಸರಿನಿಂದ 1942ರಲ್ಲಿ ಆರಂಭಿಸಿದ 'ಕೊರವಂಜಿ' ಹಾಸ್ಯಪತ್ರಿಕೆಯ ಮೂಲಕ ಮನೆಮಾತಾದ ಸುನಂದಮ್ಮ, ಹೆಂಗಸಿಗೆ ಹಾಸ್ಯ ಒಗ್ಗದೆಂಬ ರೂಢಿಯ ನಂಬಿಕೆಯನ್ನು ತಮ್ಮ ಬರವಣಿಗೆಯಿಂದಲೇ ಅಲ್ಲಗಳೆದವರು. ಸಂಘವು ಲೇಖಕಿಯರಿಗೆ ನೀಡುತ್ತ ಬಂದ ನೆರವನ್ನು ಹೇಳಲು 'ಒತ್ತಾಸೆ' ಎಂಬ ಹಳೆಯ ಮಾತೇ ಸೂಕ್ತವಾದುದು. ವಾಲುವ ಗೋಡೆಗೋ ಹಬ್ಬುವ ಬಳ್ಳಿಗೋ ಕೊಡುವ ಆಸರೆಯಂತೆ, ಒತ್ತಾಸೆಯು ಬರೆಯುವವಳಿಗೆ ಬರೆಯುವುದನ್ನು ಕಲಿಸುವುದಿಲ್ಲ. ಬರೆದದ್ದು ಮನೆಯ ಹೊಸ್ತಿಲು ದಾಟಿ ಅಚ್ಚಿನ ಮನೆಗೂ ಅಲ್ಲಿಂದ ಓದುಗರಿಗೂ ತಲುಪುವವರೆಗೆ ಜೊತೆಗಿರುತ್ತದೆ.

ಇಂಥ ಆಸರೆಯನ್ನು ಕೊಟ್ಟವರ ಸಾಲಿನಲ್ಲಿ ಕನ್ನಡ ನಾಡು ಮೊದಲು ನೆನೆಯುವುದು ಒಬ್ಬ ಮಹಿಳೆಯನ್ನೇ. ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆಯು ಪೊನ್ನನ 'ಶಾಂತಿಪುರಾಣ'ದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಆದರೆ ಕವಿಗಳ ಕಾವ್ಯಕ್ಕೆ ಪ್ರತಿ ಮಾಡಿಸಿದ ಆ ಕೈಯಂಥದೊಂದು ಕೈ ಲೇಖಕಿಯ ಬರಹದತ್ತ ಚಾಚಲು ಒಂಬತ್ತು ಶತಮಾನಗಳೇ ಬೇಕಾದವು, ಮತ್ತು ಆಗಲೂ ಆ ಕೈ ಲೇಖಕಿಯದೇ ಆಗಿತ್ತು. ಬಾಲ್ಯದಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬ (1887–1982) ಅವರು 1913ರಲ್ಲಿ 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆಯನ್ನು ಆರಂಭಿಸಿ ತಮ್ಮ ಕಾದಂಬರಿಗಳನ್ನು ತಾವೇ ಪ್ರಕಟಿಸಿದರಲ್ಲದೆ, ಮುಂದೆ 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನೂ ನಡೆಸಿದರು. ಆರ್. ಕಲ್ಯಾಣಮ್ಮನವರು 1921ರಲ್ಲಿ ಬೆಂಗಳೂರಿನಿಂದ ಹೊರತಂದ 'ಸರಸ್ವತಿ' ಮಾಸಪತ್ರಿಕೆ ನಾಲ್ಕು ದಶಕಗಳ ಕಾಲ ಬಾಳಿತು. ಲೇಖಕಿ, ಸಂಪಾದಕಿ, ಪ್ರಕಾಶಕಿ ಎಂಬ ಮೂರು ಹೊಣೆಗಳನ್ನೂ ಒಬ್ಬಳೇ ಹೊರಬೇಕಾಗಿ ಬಂದದ್ದು ಆ ಪೀಳಿಗೆಯ ಸಾಹಸವೆಂಬುದು ನಿಜ. ಆ ಸಾಹಸ ಅನಿವಾರ್ಯವಾದದ್ದು ಅಂದಿನ ಕೊರತೆಯ ಗುರುತೂ ಹೌದು.

ಆ ಕೊರತೆಯ ಜಾಡು ಅಂಕಿತನಾಮಗಳಲ್ಲಿಯೂ ಕಾಣುತ್ತದೆ. ಕೊಡಗಿನ ಗೌರಮ್ಮ (1912–1939) ತಮ್ಮ ಕಥೆಗಳ ಕೆಳಗೆ ಪತಿಯ ಹೆಸರನ್ನು ಸೇರಿಸಿಕೊಂಡು 'ಮಿಸೆಸ್ ಬಿ. ಟಿ. ಜಿ. ಕೃಷ್ಣ' ಎಂದು ಬರೆಯುತ್ತಿದ್ದರು. ಕುಂದಾಪುರದ ವಾಸಂತಿಯವರು 'ಸುಧಾ' ವಾರಪತ್ರಿಕೆಗೆ ಕಥೆಯೊಂದನ್ನು ಕಳುಹಿಸಿ, ಅದು ನಿಜ ಸಂಗತಿಯನ್ನು ಆಧರಿಸಿದ್ದರಿಂದ ಪ್ರಕಟಿಸಬಾರದೆಂದು ಮತ್ತೆ ಕೋರಿದಾಗ, ಸಂಪಾದಕರು ಕಥೆಯನ್ನು ಕೈಬಿಡದೆ 'ವೈದೇಹಿ' ಎಂಬ ಹೆಸರಿನಲ್ಲಿ ಅಚ್ಚುಮಾಡಿದರು. ಆ ಹೆಸರೇ ಮುಂದೆ ಕನ್ನಡ ಸಣ್ಣಕಥೆಯ ದೊಡ್ಡ ಹೆಸರುಗಳಲ್ಲಿ ಒಂದಾಯಿತು. ಸಂಪಾದಕನೊಬ್ಬನ ವಿವೇಕವು ಒಂದು ಬರವಣಿಗೆಯ ಬಾಳನ್ನೇ ಉಳಿಸಬಲ್ಲದೆಂಬುದಕ್ಕೆ ಇದು ನಿದರ್ಶನ. ಆದರೆ ಅಂಥ ವಿವೇಕ ಎಲ್ಲರ ಪಾಲಿಗೂ ಒದಗುತ್ತದೆಂಬ ಭರವಸೆಯಿಲ್ಲದ್ದರಿಂದ, ಆಕಸ್ಮಿಕವಾಗಿ ದೊರೆಯುವ ಬೆಂಬಲವನ್ನು ನೆಚ್ಚಿಕೊಳ್ಳಬಹುದಾದ ವ್ಯವಸ್ಥೆಯಾಗಿಸುವುದು ಸಂಘಟನೆಯ ಕೆಲಸವಾಗುತ್ತದೆ.

ವ್ಯವಸ್ಥೆ ಬೇಕೆಂಬುದನ್ನು ಅಂಕಿಗಳೂ ಹೇಳುತ್ತವೆ. 1915ರಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಜಯದೇವಿತಾಯಿ ಲಿಗಾಡೆ ಆಯ್ಕೆಯಾದದ್ದು 1974ರ ಮಂಡ್ಯ ಸಮ್ಮೇಳನದಲ್ಲಿ. ಅವರ ನಂತರ ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ, ಗೀತಾ ನಾಗಭೂಷಣ ಆ ಪೀಠವೇರಿದರೂ, 2024ರವರೆಗೆ ನಡೆದ 87 ಸಮ್ಮೇಳನಗಳಲ್ಲಿ ಮಹಿಳೆಯರ ಪಾಲು ನಾಲ್ಕೇ. 1955ರಿಂದ ನೀಡಲಾಗುತ್ತಿರುವ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕನ್ನಡದ ಲೇಖಕಿಯೊಬ್ಬರಿಗೆ ಮೊದಲು ಸಂದದ್ದು 2004ರಲ್ಲಿ, ಗೀತಾ ನಾಗಭೂಷಣರ 'ಬದುಕು' ಕಾದಂಬರಿಗೆ. ತ್ರಿವೇಣಿ, ಎಂ. ಕೆ. ಇಂದಿರಾ, ಅನುಪಮಾ ನಿರಂಜನ ಮೊದಲಾದವರ ಕಾದಂಬರಿಗಳು ಮನೆಮನೆಗಳಲ್ಲಿ ಓದಿಸಿಕೊಂಡಿದ್ದವೆಂಬುದನ್ನು ನೆನೆದರೆ, ಓದುಗರ ಒಪ್ಪಿಗೆಗೂ ವೇದಿಕೆಯ ಮನ್ನಣೆಗೂ ನಡುವಣ ಅಂತರ ಎಷ್ಟೆಂಬುದು ತಿಳಿಯುತ್ತದೆ.

ಈ ಅಂತರವನ್ನು ಕುಗ್ಗಿಸಲು ಲೇಖಕಿಯರ ಸಂಘಟನೆಗಳಿಗೆ ಒದಗಿರುವ ಸಾಧನಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ಕಮ್ಮಟ. ನಾಣ್ಯಗಳನ್ನು ಅಚ್ಚುಹಾಕುವ ಟಂಕಸಾಲೆ ಎಂಬುದು ಈ ಮಾತಿನ ಮೂಲಾರ್ಥ. ಹಿರಿಯರು ಕಿರಿಯರ ಹಸ್ತಪ್ರತಿಯನ್ನು ಓದಿ, ಚರ್ಚಿಸಿ, ತಿದ್ದಿಸುವ ಶಿಬಿರಕ್ಕೆ ಅದು ಇಂದು ರೂಢಿಯ ಹೆಸರಾಗಿದೆ. ಎರಡನೆಯದು ದತ್ತಿನಿಧಿ, ಎಂದರೆ ಒಬ್ಬರ ನೆನಪಿಗಾಗಿ ಇಡುಗಂಟನ್ನು ಠೇವಣಿಯಿಟ್ಟು ಅದರ ಬಡ್ಡಿಯಿಂದ ವರ್ಷವರ್ಷವೂ ಬಹುಮಾನವನ್ನೋ ಉಪನ್ಯಾಸವನ್ನೋ ನಡೆಸುವ ಏರ್ಪಾಡು. ಸಂಘವು ಅನುಪಮಾ ನಿರಂಜನರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ನೀಡುತ್ತ ಬಂದಿದ್ದರೆ, ಕೊಡಗಿನಲ್ಲಿ ಗೌರಮ್ಮನವರ ಹೆಸರಿನ ದತ್ತಿ ಬಹುಮಾನ ಅಲ್ಲಿಯ ಲೇಖಕಿಯರ ಕೃತಿಗಳಿಗೆ ಸಲ್ಲುತ್ತಿದೆ. ಇಂಥ ಬಹುಮಾನಗಳ ಮೊತ್ತ ಸಣ್ಣದಿರಬಹುದು. ಆದರೆ ಮೊದಲ ಪುಸ್ತಕ ಬರೆದವಳಿಗೆ ಹಣಕ್ಕಿಂತ ಮುಖ್ಯವಾಗುವುದು, ತನ್ನ ಹೆಸರು ಹಿರಿಯಳೊಬ್ಬಳ ಹೆಸರಿನ ಪಕ್ಕದಲ್ಲಿ ನಿಲ್ಲುವ ಸಂಗತಿ.

ಕರಾವಳಿಯ ಪ್ರಯೋಗ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಮಂಗಳೂರಿನ ಸಂಸ್ಥೆಯು 'ಕರಾವಳಿ ಲೇಖಕಿಯರ ಮತ್ತು ವಾಚಕಿಯರ ಸಂಘ' ಎಂದು ಹೆಸರಿಟ್ಟುಕೊಂಡು, ವಾಚಕಿಯರನ್ನು, ಎಂದರೆ ಓದುವ ಹೆಂಗಸರನ್ನು, ಬರೆಯುವವರ ಸರಿಸಮಕ್ಕೆ ಕೂರಿಸಿತು. 1990ರಿಂದ 1994ರವರೆಗೆ ಇದರ ಅಧ್ಯಕ್ಷೆಯಾಗಿದ್ದ ಸಾರಾ ಅಬೂಬಕ್ಕರ್ ಅವರೂ ಪತ್ರಿಕೆಯೊಂದರ ಒತ್ತಾಸೆಯನ್ನು ಪಡೆದು ಬಂದವರೇ. ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯು ಪಿ. ಲಂಕೇಶರ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದಿತ್ತು. ಹಾಸನದ ಬಾನು ಮುಷ್ತಾಕ್ ಕೂಡ 1980ರ ದಶಕದಲ್ಲಿ ಅದೇ ಪತ್ರಿಕೆಯ ವರದಿಗಾರ್ತಿಯಾಗಿ ದುಡಿದವರು.

ಸಾಹಿತ್ಯದಲ್ಲಿ ಲಿಂಗಭೇದವೇಕೆ, 'ಲೇಖಕಿ' ಎಂಬ ಪ್ರತ್ಯೇಕ ಹಣೆಪಟ್ಟಿ ಬರಹವನ್ನು ಕಿರಿದುಗೊಳಿಸುವುದಿಲ್ಲವೇ ಎಂಬ ಆಕ್ಷೇಪ ಇಂಥ ಸಂಘಗಳ ಬಗ್ಗೆ ಆಗಾಗ ಕೇಳಿಬರುತ್ತದೆ, ಮತ್ತು ಅದನ್ನು ಎತ್ತಿದವರಲ್ಲಿ ಬರೆಯುವ ಮಹಿಳೆಯರೂ ಇದ್ದಾರೆ. ಕೃತಿಯ ಬೆಲೆಕಟ್ಟುವಾಗ ಆ ಆಕ್ಷೇಪ ಸರಿಯಾದುದೇ. ಆದರೆ ಬೆಲೆಕಟ್ಟುವ ಮೊದಲು ಕೃತಿಯು ಹುಟ್ಟಬೇಕು. ಅಡುಗೆ, ಆರೈಕೆ, ಉದ್ಯೋಗಗಳ ನಡುವೆ ಮಿಕ್ಕ ಹೊತ್ತಿನಲ್ಲಿ ಅದು ಹುಟ್ಟುವ ಪರಿಸ್ಥಿತಿಯು ಗಂಡು ಹೆಣ್ಣಿಗೆ ಒಂದೇ ಆಗಿಲ್ಲದಿರುವಷ್ಟು ಕಾಲ ಸಂಘದ ಅಗತ್ಯ ತೀರುವುದಿಲ್ಲ.

ಒತ್ತಾಸೆಯ ಫಲ ಕಾಣಲು ಕಾಲ ಹಿಡಿಯುತ್ತದೆ, ಕೆಲವೊಮ್ಮೆ ಅದು ಎದುರುಮುಖವಾಗಿಯೂ ಹರಿಯುತ್ತದೆ. ಇಪ್ಪತ್ತೇಳು ವರ್ಷ ಮಾತ್ರ ಬಾಳಿದ ಕೊಡಗಿನ ಗೌರಮ್ಮನವರ ಕಥೆಗಳನ್ನು ಮಡಿಕೇರಿಯವರೇ ಆದ ದೀಪಾ ಭಾಸ್ತಿ 2023ರಲ್ಲಿ ಇಂಗ್ಲಿಷಿಗೆ ತಂದರು. ಅವರೇ ಅನುವಾದಿಸಿದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಸಂಕಲನ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದು, ಆ ಮನ್ನಣೆಗೆ ಪಾತ್ರವಾದ ಮೊದಲ ಕನ್ನಡ ಕೃತಿಯಾಯಿತು. ಒಂದು ಕಾಲಕ್ಕೆ ಪತಿಯ ಹೆಸರಿನ ಮರೆಯಲ್ಲಿ ಬರೆದವರು, ಕಿರಿಯಳೊಬ್ಬಳ ಕೈಹಿಡಿದು, ತಮ್ಮದೇ ಹೆಸರಿನಲ್ಲಿ ಹೊಸ ಓದುಗರ ಮುಂದೆ ನಿಂತಿದ್ದಾರೆ.