ಮೊದಲ ಚಿತ್ರ ಯಾವುದಿರಲಿ?

ಈದ್ ಕಳೆದು ಹದಿನೈದು ದಿನವಾಗಿರಬೇಕು. ಅಸರ್ ನಮಾಝ್ ಮುಗಿಸಿ ಚಹಾಕ್ಕೆ ನೀರಿಡುತ್ತಿದ್ದೆ. ಹಿಂದಿನ ಬೀದಿಯ ತಾಯಿ-ಮಗಳು ಬಾಗಿಲಲ್ಲಿ ನಿಂತಿದ್ದರು. ಇಬ್ಬರ ಮುಖವೂ ಬಿಗಿದುಕೊಂಡಿತ್ತು.

“ಆಪಾ, ಇವಳಿಗೆ ನೀವೇ ಸ್ವಲ್ಪ ಬುದ್ಧಿ ಹೇಳಿ” ಎಂದರು ತಾಯಿ.

“ಖಾಲಾ, ಅಮ್ಮಿಗೆ ನೀವೇ ಹೇಳಿ” ಎಂದಳು ಮಗಳು, ಕೈಯಲ್ಲಿದ್ದ ಮೊಬೈಲನ್ನು ನನ್ನ ಮುಂದೆ ಚಾಚುತ್ತಾ.

ವಿಷಯ ಇಷ್ಟೇ. ಹುಡುಗಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಆನ್‌ಲೈನಿನಲ್ಲಿ ಅಬಾಯ ಮಾರುವ ಬೆಂಗಳೂರಿನ ಅಂಗಡಿಯೊಂದು, ಹೊಸ ಬಟ್ಟೆಗಳನ್ನು ಉಟ್ಟು ಫೋಟೋಗೆ ನಿಲ್ಲುವ ಹುಡುಗಿಯರು ಬೇಕೆಂದು ಪ್ರಕಟಿಸಿತ್ತು. ಆಸಕ್ತಿ ಇದ್ದವರು ಆನ್‌ಲೈನಿನಲ್ಲಿ ತಮ್ಮದೊಂದು ಪೋರ್ಟ್‌ಫೋಲಿಯೊ, ಅಂದರೆ ಫೋಟೋಗಳ ಕಟ್ಟು, ಸಿದ್ಧಪಡಿಸಿ ಅದರ ಕೊಂಡಿಯನ್ನು ಕಳುಹಿಸಬೇಕು. ಆ ಕಟ್ಟಿನ ಮೇಲ್ಭಾಗದಲ್ಲಿ ಮುಖ್ಯ ಚಿತ್ರ ಒಂದಿರಬೇಕು. ದಮ್ಮಾಮ್‌ನಲ್ಲಿರುವ ತಂದೆ ಫೋನಿನಲ್ಲೇ ಎರಡು ಷರತ್ತು ಹಾಕಿ ಒಪ್ಪಿಗೆ ಕೊಟ್ಟಿದ್ದರು. ತಲೆಯ ಮೇಲಿನ ಬಟ್ಟೆ ಸರಿಯಬಾರದು, ತಾಯಿ ಜೊತೆಯಲ್ಲಿ ಹೋಗಬೇಕು. ಉಳಿದದ್ದು ಆ ಒಂದು ಚಿತ್ರದ ಜಗಳ.

ಓದುಗ ಸಹೋದರಿಯರೇ, ಮಾಡೆಲಿಂಗ್ ಎಂಬ ಶಬ್ದ ಕಂಡೊಡನೆ ನಿಮ್ಮಲ್ಲಿ ಅನೇಕರು ಪುಟ ತಿರುವಲು ಹೊರಡುತ್ತೀರೆಂದು ನನಗೆ ಗೊತ್ತು. ಸ್ವಲ್ಪ ತಾಳಿ. ಈ ಕೆಲಸಕ್ಕೆ ಹೋಗಬಹುದೇ, ಮುಖ ತೋರಿಸಬಹುದೇ ಎಂಬುದು ಆಯಾ ಮನೆಯವರು ಕುಳಿತು ತೀರ್ಮಾನಿಸಬೇಕಾದ ಸಂಗತಿ. ಅದಕ್ಕೆ ನಾನು ಇಲ್ಲಿ ಕೈ ಹಾಕುವುದಿಲ್ಲ. ಆದರೆ ನೀವು ಆನ್‌ಲೈನಿನಲ್ಲಿ ಕೊಳ್ಳುವ ಪ್ರತಿಯೊಂದು ಬುರ್ಖಾವನ್ನೂ ಯಾರೋ ಒಬ್ಬಳು ಉಟ್ಟು ತೋರಿಸಿರುತ್ತಾಳೆ ತಾನೇ? ಅವಳೂ ಯಾರದೋ ಮನೆಯ ಮಗಳು. ಮನೆಯವರು ಒಪ್ಪಿದ ಮೇಲೆ ಆ ಮಗಳು ಮೊದಲ ಹೆಜ್ಜೆಯನ್ನು ಸರಿಯಾಗಿ ಇಡುವುದು ಹೇಗೆಂಬುದಷ್ಟೇ ನನ್ನ ಕಾಳಜಿ.

ಮಗಳು ಆರಿಸಿದ್ದ ಚಿತ್ರ ಅವಳ ದೊಡ್ಡಪ್ಪನ ಮಗಳ ಮೆಹೆಂದಿ ರಾತ್ರಿಯದು. ಪಾರ್ಲರಿನವಳ ಕೈಚಳಕ, ಅದರ ಮೇಲೆ ಮೊಬೈಲಿನ ಫಿಲ್ಟರ್. ಚರ್ಮ ಮೈದಾ ಹಿಟ್ಟಿನಂತೆ, ಗಲ್ಲ ಚೂಪಾಗಿ, ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ಪಕ್ಕದಲ್ಲಿದ್ದ ಮದುಮಗಳ ಅರ್ಧ ಭುಜವೂ ಅದರಲ್ಲಿತ್ತು. “ಇದರಲ್ಲಿ ನಾನು ಚೆನ್ನಾಗಿದ್ದೀನಿ ಖಾಲಾ” ಎಂದಳು. ಚೆನ್ನಾಗಿದ್ದಳು, ನಿಜ. ಆದರೆ ಅವಳು ಅವಳಾಗಿರಲಿಲ್ಲ.

ತಾಯಿ ಆರಿಸಿದ್ದು ಈದ್ ದಿನ ಮನೆಯ ಮುಂದೆ ತೆಗೆದದ್ದು. ಎರಡೂ ಕೈ ಕಟ್ಟಿಕೊಂಡು ಪಾಸ್‌ಪೋರ್ಟ್ ಚಿತ್ರದಂತೆ ನೆಟ್ಟಗೆ ನಿಂತ ಹುಡುಗಿ. ಹಿಂದೆ ಗೇಟು, ಗೇಟಿನ ಪಕ್ಕ ಮನೆಯ ಹೆಸರು, ಬಾಗಿಲ ಸಂಖ್ಯೆ, ಅಣ್ಣನ ಬೈಕಿನ ನಂಬರ್ ಪ್ಲೇಟು. ವಿಳಾಸ ಬರೆದ ಲಕೋಟೆಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ!

ಎರಡೂ ಬೇಡವೆಂದೆ. ಇಬ್ಬರೂ ನನ್ನ ಮೇಲೆ ಮುನಿಸಿಕೊಂಡರು.

ನಮ್ಮ ಕಣ್ಣಿಗೆ ನಾವು

ನಮ್ಮ ಚಿತ್ರವನ್ನು ನಾವೇ ಆರಿಸುವುದರಲ್ಲಿ ಒಂದು ತೊಡಕಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ವಿದ್ಯಾರ್ಥಿಗಳು ತಮ್ಮದೇ ಫೋಟೋಗಳಲ್ಲಿ ಒಳ್ಳೆಯದನ್ನು ಆರಿಸಿದರು. ಅದೇ ಫೋಟೋಗಳನ್ನು ಪರಿಚಯವೇ ಇಲ್ಲದವರಿಗೂ ಆರಿಸಲು ಕೊಡಲಾಯಿತು. ನೋಡಿದವರಲ್ಲಿ ಹೆಚ್ಚು ಒಳ್ಳೆಯ ಅಭಿಪ್ರಾಯ ಮೂಡಿಸಿದ್ದು ಅಪರಿಚಿತರು ಆರಿಸಿದ ಚಿತ್ರಗಳೇ. ನಮ್ಮ ಮುಖವನ್ನು ನಾವು ಕನ್ನಡಿಯಲ್ಲಿ ನೋಡಿ ನೋಡಿ, ಆಸೆ ಮತ್ತು ಕೊರಗು ಎರಡನ್ನೂ ಬೆರೆಸಿ ಬಿಟ್ಟಿರುತ್ತೇವೆ. ಇನ್ನು ತಾಯಿಯ ಕಣ್ಣೋ, ಅದಕ್ಕೆ ಮಗಳು ಎಂದೂ ತಪ್ಪಾಗಿ ಕಾಣುವುದಿಲ್ಲ. ಆದ್ದರಿಂದ ನಾಲ್ಕೈದು ಚಿತ್ರಗಳನ್ನು ಅಷ್ಟೇನೂ ಸಲುಗೆ ಇಲ್ಲದ ಒಬ್ಬ ಶಿಕ್ಷಕಿಗೋ, ಟೈಲರಿಂಗ್ ಕಲಿಸುವವರಿಗೋ ತೋರಿಸಿ ಕೇಳುವುದು ಮೇಲು.

ಸೆಲ್ಫಿಯದು ಇನ್ನೊಂದು ಕತೆ. ಅಮೆರಿಕದ ವೈದ್ಯರ ತಂಡವೊಂದು 2018ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಮುಖದಿಂದ 12 ಇಂಚು ದೂರದಲ್ಲಿ ಕ್ಯಾಮರಾ ಹಿಡಿದರೆ ಮೂಗು ಇರುವುದಕ್ಕಿಂತ ಸುಮಾರು ಶೇಕಡ 30ರಷ್ಟು ಅಗಲವಾಗಿ ಕಾಣುತ್ತದೆ. 5 ಅಡಿ ದೂರದಿಂದ ತೆಗೆದರೆ ಹಾಗಾಗುವುದಿಲ್ಲ. ತನ್ನ ಮೂಗು ದಪ್ಪವೆಂದು ಕೊರಗುವ ಎಷ್ಟು ಹುಡುಗಿಯರಿಗೆ ಇದು ಗೊತ್ತಿದೆಯೋ! ಮೂಗಿನ ತಪ್ಪಲ್ಲ, ತೋಳು ಗಿಡ್ಡ, ಅಷ್ಟೇ.

ಕೆಲಸ ಕೊಡುವವರಿಗೆ ಬೇಕಾದದ್ದಾದರೂ ಏನು? ದೊಡ್ಡ ಮಾಡೆಲಿಂಗ್ ಸಂಸ್ಥೆಗಳು ಕೂಡ ಮೊದಲು ಕೇಳುವುದು ಅಲಂಕಾರವಿಲ್ಲದ ಸಾದಾ ಚಿತ್ರವನ್ನೇ. ಎದುರಿನಿಂದ ಒಂದು, ಪಕ್ಕದಿಂದ ಒಂದು, ತಲೆಯಿಂದ ಪಾದದವರೆಗೆ ಒಂದು. ಹಿಂದೆ ಖಾಲಿ ಗೋಡೆ. ಬಟ್ಟೆ ತಮ್ಮದು, ಮೇಕಪ್ಪೂ ತಮ್ಮದು. ಅದನ್ನು ಹಾಕುವುದಕ್ಕೆ ಮುಖ ಹೇಗಿದೆಯೆಂದು ಅವರು ನೋಡಬೇಕು. ಮೊದಲೇ ಬಣ್ಣ ಬಳಿದ ಗೋಡೆಯನ್ನು ಪೇಂಟರಿಗೆ ತೋರಿಸಿದರೆ ಅವನೇನು ಹೇಳಿಯಾನು? ಈ ತಾಣಗಳು ಮುಖ್ಯ ಚಿತ್ರವನ್ನು ಹೆಚ್ಚಾಗಿ ಎಂಟಾಣೆ ನಾಣ್ಯದಷ್ಟು ಚಿಕ್ಕದಾಗಿ ತೋರಿಸುತ್ತವೆ. ಅಷ್ಟು ಸಣ್ಣದರಲ್ಲಿ ಕಸೂತಿ, ಹೂಗುಚ್ಛ, ಬಳೆ ಯಾವುದೂ ಕಾಣುವುದಿಲ್ಲ. ಮುಖ ಕಾಣಬೇಕು, ಒಬ್ಬಳೇ ಇರಬೇಕು, ನೋಟ ನೇರವಾಗಿರಬೇಕು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಪರಿಚಿತ ಮುಖವೊಂದರ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳಲು ಮನುಷ್ಯನಿಗೆ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು.

ಚಿತ್ರವೇ ಷರತ್ತು

ಇಷ್ಟೆಲ್ಲ ಹೇಳಿದ ಮೇಲೂ ನಾನು ಆ ಹುಡುಗಿಗೆ ಒತ್ತಿ ಹೇಳಿದ ಮಾತು ಬೇರೆಯೇ ಇತ್ತು. ಮೊದಲ ಚಿತ್ರ ನೀನು ಹೇಗಿದ್ದೀಯೆಂದು ಮಾತ್ರ ಹೇಳುವುದಿಲ್ಲ, ಯಾವ ಕೆಲಸಕ್ಕೆ ಕರೆಯಬಹುದು, ಯಾವುದಕ್ಕೆ ಕರೆಯಬಾರದು ಎಂಬುದನ್ನೂ ಹೇಳಿಬಿಡುತ್ತದೆ. ಮೆಹೆಂದಿ ರಾತ್ರಿಯ ಚಿತ್ರದಲ್ಲಿ ಅವಳ ದುಪಟ್ಟಾ ಜಾರಿ ಮುಂದಲೆಯ ಕೂದಲು ಕಾಣುತ್ತಿತ್ತು. ಅದನ್ನು ಮೇಲಿಟ್ಟು, ಕೆಲಸಕ್ಕೆ ಹೋದ ದಿನ “ನಾನು ಕೂದಲು ತೋರಿಸುವುದಿಲ್ಲ” ಎಂದರೆ ಅವರು ಚಿತ್ರವನ್ನೇ ಎತ್ತಿ ತೋರಿಸುತ್ತಾರೆ. ಆಗ ವಾದಿಸುವುದು ಕಷ್ಟ. ಆ ಕೋಣೆಯಲ್ಲಿ ಹತ್ತು ಜನರಿರುತ್ತಾರೆ, ಗಂಟೆಗಿಷ್ಟು ಎಂದು ಬಾಡಿಗೆ ಓಡುತ್ತಿರುತ್ತದೆ, ಎಲ್ಲರ ಕಣ್ಣೂ ಇಪ್ಪತ್ತರ ಹುಡುಗಿಯ ಮೇಲಿರುತ್ತದೆ.

ಹಲೀಮಾ ಏಡನ್‌ಳ ಕತೆಯನ್ನು ಅವಳಿಗೆ ಹೇಳಿದೆ. ಕೀನ್ಯಾದ ಕಾಕುಮ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ ಸೊಮಾಲಿ ಹುಡುಗಿ ಅವಳು. ಚಿಕ್ಕಂದಿನಲ್ಲೇ ಕುಟುಂಬದೊಂದಿಗೆ ಅಮೆರಿಕಕ್ಕೆ ಹೋದಳು. 2016ರಲ್ಲಿ ಮಿನೆಸೋಟ ರಾಜ್ಯದ ಸೌಂದರ್ಯ ಸ್ಪರ್ಧೆಯಲ್ಲಿ ಹಿಜಾಬ್ ಧರಿಸಿ, ಈಜುಡುಗೆಯ ಸುತ್ತಿನಲ್ಲೂ ಬುರ್ಕಿನಿ ತೊಟ್ಟು ನಿಂತಳು. ಜಗತ್ತು ಅವಳನ್ನು ಮೊದಲು ಕಂಡದ್ದೇ ಆ ಚಿತ್ರದಲ್ಲಿ. ಹಾಗಾಗಿ ಮರುವರ್ಷ ದೊಡ್ಡ ಮಾಡೆಲಿಂಗ್ ಸಂಸ್ಥೆಯೊಂದು ಅವಳನ್ನು ಸೇರಿಸಿಕೊಂಡಾಗ, ಹಿಜಾಬ್ ತೆಗೆಯುವುದಿಲ್ಲ ಎಂಬ ಷರತ್ತಿಗೆ ಒಪ್ಪಿಯೇ ಸೇರಿಸಿಕೊಂಡಿತು. 2018ರಲ್ಲಿ ಬ್ರಿಟಿಷ್ ವೋಗ್ ಪತ್ರಿಕೆಯ ಮುಖಪುಟದಲ್ಲಿ ಹಿಜಾಬ್ ಧರಿಸಿ ಕಾಣಿಸಿಕೊಂಡ ಮೊದಲಿಗಳಾದಳು.

ಆದರೆ 2020ರ ನವೆಂಬರಿನಲ್ಲಿ ಅವಳು ರ್‍ಯಾಂಪಿನಿಂದ ದೂರ ಸರಿದಳು. ಯಾರೂ ಹಿಜಾಬನ್ನು ಕಿತ್ತು ತೆಗೆದಿರಲಿಲ್ಲ. ಅದು ಸ್ವಲ್ಪ ಸ್ವಲ್ಪವಾಗಿ ಬೇರೆ ಏನೋ ಆಗುತ್ತಾ ಹೋಗಿತ್ತು. ಒಂದು ಜಾಹೀರಾತಿನಲ್ಲಿ ಅವಳ ತಲೆಗೆ ಜೀನ್ಸ್ ಬಟ್ಟೆಯನ್ನು ಸುತ್ತಿದ್ದರು. ಕೆಲಸದ ಗಡಿಬಿಡಿಯಲ್ಲಿ ನಮಾಝ್ ತಪ್ಪಿತ್ತು. ತಾನು ಯಾವುದಕ್ಕೆ ಇಲ್ಲವೆನ್ನಬೇಕಿತ್ತೋ ಅದಕ್ಕೆ ಹೂಂ ಎಂದೆನೆಂದು ಅವಳೇ ಬರೆದುಕೊಂಡಳು. ಅಷ್ಟು ಸ್ಪಷ್ಟವಾದ ಮೊದಲ ಚಿತ್ರ, ಬರಹದಲ್ಲಿ ಷರತ್ತು, ಜಗತ್ತಿನ ಹೆಸರು ಎಲ್ಲ ಇದ್ದವಳಿಗೇ ಹೀಗಾಯಿತು. ಇನ್ನು ಮೊದಲ ಚಿತ್ರದಲ್ಲೇ ಗೆರೆ ಮಸುಕಾಗಿದ್ದರೆ?

ಹುಡುಗಿ ಮೊಬೈಲನ್ನು ಮಡಿಲಲ್ಲಿಟ್ಟು ಸುಮ್ಮನಾದಳು. ತಾಯಿಯೇ ಕೇಳಿದರು: “ಹಾಗಾದರೆ ಹೊಸದಾಗಿಯೇ ತೆಗೆಯಬೇಕಾ ಆಪಾ?”

ತಾರಸಿಯ ಬಾಗಿಲಲ್ಲಿ

ಮರುದಿನ ಸಂಜೆ ನಾಲ್ಕು ಗಂಟೆಗೆ ಅವರ ಮನೆಯ ತಾರಸಿಯಲ್ಲಿ ತೆಗೆದೆವು. ಬಿಸಿಲು ನೇರವಾಗಿ ಬೀಳದ, ಬೆಳಕು ಧಾರಾಳವಾಗಿರುವ ಬಾಗಿಲು. ಹಿಂದೆ ಬೂದು ಗೋಡೆ. ಕಡುನೀಲಿ ಹಿಜಾಬ್, ಕೈಮಣಿಕಟ್ಟಿನವರೆಗೆ ತೋಳಿನ ಸಾದಾ ಅಬಾಯ. ಅವಳ ತಮ್ಮ ಆರು ಅಡಿ ದೂರ ನಿಂತು, ಅವಳ ಕಣ್ಣಿನ ಮಟ್ಟಕ್ಕೆ ಮೊಬೈಲ್ ಹಿಡಿದು, ಹಿಂದಿನ ಕ್ಯಾಮರಾದಿಂದ ನಲವತ್ತಕ್ಕೂ ಹೆಚ್ಚು ಚಿತ್ರ ತೆಗೆದ. ಮೊದಲ ಮೂವತ್ತರಲ್ಲಿ ನಗು ಕೃತಕವಾಗಿತ್ತು. ಆಮೇಲೆ ಕೆಳಗಿನಿಂದ ಅಜ್ಜಿ “ಮುಗೀತಾ ನಿಮ್ಮ ಸಿನಿಮಾ?” ಎಂದು ಕೂಗಿದರು. ಆಗ ತೆಗೆದದ್ದೇ ಆಯ್ಕೆಯಾಯಿತು.

ಕಳುಹಿಸುವ ಮುನ್ನ ಇನ್ನೊಂದು ಎಚ್ಚರ. ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದರೆ, ತೆಗೆದ ಸ್ಥಳದ ವಿವರ ಫೋಟೋದೊಳಗೇ ಅಡಗಿರುತ್ತದೆ. ಕ್ಯಾಮರಾದ ಸೆಟ್ಟಿಂಗಿಗೆ ಹೋಗಿ ಅದನ್ನು ಆರಿಸಿಡಿ. ಚಿತ್ರದ ಮೂಲೆಯಲ್ಲಿ ಹೆಸರೋ ಗುರುತೋ ತೆಳುವಾಗಿ ಅಚ್ಚಾಗಿರಲಿ.

ಇಲ್ಲಿ ತಾಯಿ ಮತ್ತೆ ತಡೆದರು. “ಮೊನ್ನೆ ಮೊನ್ನೆ ನಮ್ಮ ಹುಡುಗಿಯರ ಫೋಟೋಗಳನ್ನು ಹರಾಜಿಗಿಟ್ಟಿರಲಿಲ್ಲವೇ?” ಅವರು ಮರೆತಿಲ್ಲ, ನಾವಾರೂ ಮರೆತಿಲ್ಲ. 2021ರ ಜುಲೈಯಲ್ಲಿ ಒಮ್ಮೆ, 2022ರ ಹೊಸ ವರ್ಷದ ದಿನ ಮತ್ತೊಮ್ಮೆ, ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಅವರದೇ ಖಾತೆಗಳಿಂದ ಎತ್ತಿ ಆ್ಯಪ್‌ಗಳಲ್ಲಿ ‘ಮಾರಾಟ’ಕ್ಕಿಟ್ಟರು. ಎರಡನೆಯ ಪ್ರಕರಣದಲ್ಲಿ ಮುಂಬೈ ಪೊಲೀಸರು ಮೊದಲು ಹಿಡಿದದ್ದು ಬೆಂಗಳೂರಿನಲ್ಲಿ ಓದುತ್ತಿದ್ದ 21 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು. ಆ ಮಹಿಳೆಯರಲ್ಲಿ ಪತ್ರಕರ್ತೆಯರಿದ್ದರು, ವಿಮಾನ ಹಾರಿಸುವವಳಿದ್ದಳು. ಅವರಾರೂ ಮಾಡೆಲ್‌ಗಳಲ್ಲ. ಅವರ ಚಿತ್ರದಲ್ಲಿ ತಪ್ಪೇನೂ ಇರಲಿಲ್ಲ, ತಪ್ಪು ಕದ್ದವರದು. ಹಾಗೆಂದು ಭಯವಿಲ್ಲವೆಂದು ನಾನು ಹೇಳಲಾರೆ. ಇಂದು ಯಾರದೇ ಮುಖವನ್ನು ಇನ್ನಾರದೋ ದೇಹಕ್ಕೆ ಅಂಟಿಸುವ ತಂತ್ರ ಹುಡುಗರ ಕೈಯಲ್ಲಿದೆ. ಆ ತಾಯಿಗೆ ನಾನು ಹೇಳಿದ್ದು ಇಷ್ಟೆ. ಹಾಗೇನಾದರೂ ಆದರೆ ಮಗಳು ಮೊದಲು ನಿಮ್ಮ ಬಳಿ ಓಡಿ ಬರುವಂತಿರಬೇಕು, ನಿಮ್ಮಿಂದ ಅಡಗಿಕೊಳ್ಳುವಂತಲ್ಲ. ಪರದೆಯ ಚಿತ್ರ ತೆಗೆದಿಟ್ಟುಕೊಂಡು ಸೈಬರ್ ಪೊಲೀಸ್ ಠಾಣೆಗೆ ಹೋಗಿ. ಕೇಂದ್ರ ಸರಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಮಹಿಳೆಯರಿಗೆ ಸಂಬಂಧಿಸಿದ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಹಣ ಹೋಗಿದ್ದರೆ ಒಡನೆ 1930ಕ್ಕೆ ಕರೆ ಮಾಡಿ.

ಹಣದ ಮಾತು ಬಂತು, ಹೇಳಿಬಿಡುತ್ತೇನೆ. ಪ್ರಾಮಾಣಿಕ ಸಂಸ್ಥೆ ನಿಮಗೆ ಸಿಕ್ಕಿದ ಸಂಬಳದಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಮೊದಲೇ ನೋಂದಣಿಗಿಷ್ಟು, ‘ನಮ್ಮ ಫೋಟೋಗ್ರಾಫರನಿಂದಲೇ’ ಚಿತ್ರ ತೆಗೆಸಲು ಇಷ್ಟು ಎಂದರೆ ಅಲ್ಲಿಂದ ಎದ್ದು ಬನ್ನಿ. ಚಿತ್ರದ ಒಡೆತನ ಯಾರದು ಎಂಬುದೂ ಗೊತ್ತಿರಲಿ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ಫೋಟೋ ತೆಗೆಸಿದವರೇ ಅದರ ಮೊದಲ ಒಡೆಯರು. ಸ್ಟುಡಿಯೋಗೆ ನೀವು ಹಣ ಕೊಟ್ಟು ತೆಗೆಸಿದ್ದು ನಿಮ್ಮದು. ಅಂಗಡಿಯವರು ಹಣ ಕೊಟ್ಟು ತೆಗೆಸಿದ್ದು ಅವರದು, ಅದೂ ಫೋಟೋ ತೆಗೆದವರ ಜೀವಿತಕಾಲವಿಡೀ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷಗಳವರೆಗೆ! ಹುಡುಗಿ ಅಜ್ಜಿಯಾದರೂ ಆ ಚಿತ್ರ ಅಂಗಡಿಯ ಗೋಡೆಯ ಮೇಲಿರಬಹುದು. ಆದುದರಿಂದ ಎಲ್ಲಿ, ಎಷ್ಟು ಕಾಲ ಬಳಸುತ್ತೀರಿ, ಮುಖವನ್ನು ಕಂಪ್ಯೂಟರಿನಲ್ಲಿ ಬದಲಿಸುತ್ತೀರಾ ಎಂದು ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಹದಿನೆಂಟು ತುಂಬದವಳ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅವಳಿಂದ ಸಹಿ ಕೇಳುವವರನ್ನು ನಂಬಬೇಡಿ.

ಆ ಬೆಂಗಳೂರಿನ ಅಂಗಡಿ ನಾಲ್ಕು ದಿನಗಳ ನಂತರ ಉತ್ತರಿಸಿತು. ಚಿತ್ರ ಚೆನ್ನಾಗಿದೆ, ಕೂದಲು ಕಾಣುವ ಇನ್ನೊಂದಿದ್ದರೆ ಕಳುಹಿಸಿ ಎಂದಿತ್ತು. ಅಬಾಯ ಮಾರುವವರಿಗೆ ಕೂದಲೇಕೆ ಬೇಕಾಯಿತೋ! ಹುಡುಗಿ ನನ್ನನ್ನು ಕೇಳಲಿಲ್ಲ, ಅಮ್ಮಿಯನ್ನೂ ಕೇಳಲಿಲ್ಲ. “ಮುಖ್ಯ ಚಿತ್ರದಲ್ಲಿ ಇರುವಂತೆಯೇ ನಾನು ಕೆಲಸ ಮಾಡುವುದು” ಎಂದು ಬರೆದು ಕಳುಹಿಸಿದಳು. ಮತ್ತೆ ಅಲ್ಲಿಂದ ಸುದ್ದಿಯಿಲ್ಲ. ಅವಳು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲವೆಂದು ತಾಯಿ ಹೇಳಿದರು.

ಎರಡು ತಿಂಗಳ ಬಳಿಕ ನಮ್ಮ ಊರಿನದೇ ಒಂದು ಬಟ್ಟೆ ಅಂಗಡಿ ಅವಳನ್ನು ಕರೆಯಿತು. ಒಂದು ಮಧ್ಯಾಹ್ನದ ಕೆಲಸ, ಆರು ಅಬಾಯ, ತಾಯಿ ಕುರ್ಚಿ ಹಾಕಿಕೊಂಡು ಎದುರಿಗೇ ಕುಳಿತಿದ್ದರು. ಬಂದ ಹಣದಲ್ಲಿ ಪರೀಕ್ಷಾ ಶುಲ್ಕ ಕಟ್ಟಿದಳು.

ಮೊನ್ನೆ ಮತ್ತೆ ಬಂದಿದ್ದಳು. ಈಗ ಕನ್ನಡಕ ಬಂದಿದೆ. “ಖಾಲಾ, ಮೊದಲಿನ ಚಿತ್ರವೇ ಇರಲಾ? ಅದರಲ್ಲಿ ಕನ್ನಡಕ ಇಲ್ಲ, ಚೆನ್ನಾಗಿ ಕಾಣ್ತೀನಿ.”

“ಕೆಲಸಕ್ಕೆ ಹೋಗುವುದು ಯಾರು, ಕನ್ನಡಕದವಳಾ, ಇಲ್ಲದವಳಾ?” ಎಂದೆ.

ತಮ್ಮನನ್ನು ಕರೆದುಕೊಂಡು ತಾರಸಿಗೆ ಹೋದಳು.